ಎಐ ಚಿತ್ರಕ್ಕೆ ನಮ್ಮ ಕರಾವಳಿಯ ಬೆಳಕು: ಬಣ್ಣ ಮತ್ತು ಭಾವವನ್ನು ಹೊಂದಿಸುವ ಬಗೆ

‘ಕಾರವಾರದ ಕಡಲತೀರ’ ಎಂದಷ್ಟೇ ಬರೆದು ಎಐ ಸಾಧನಕ್ಕೆ ಕೊಟ್ಟರೆ ಸಾಮಾನ್ಯವಾಗಿ ಸಿಗುವುದು ಕಿತ್ತಳೆ ಬಣ್ಣದ ಆಕಾಶ, ಪಾಚಿನೀಲಿ ನೀರು ಮತ್ತು ಹೊಳೆಯುವ ಮರಳು. ಅದು ಜಗತ್ತಿನ ಯಾವ ತೀರವೂ ಆಗಿರಬಹುದು. ಇಂತಹ ಚಿತ್ರವನ್ನು ತಿದ್ದಲು ಹೊರಡುವವರು ಮೊದಲು ಬಣ್ಣ ಹೆಚ್ಚಿಸುವ ಸ್ಲೈಡರ್‌ಗೆ ಕೈಹಾಕುತ್ತಾರೆ. ಆದರೆ ಚಿತ್ರದ ಭಾವವನ್ನು ನಿರ್ಧರಿಸುವುದು ಬೆಳಕು. ಬಣ್ಣ ಅದರ ಹಿಂದೆ ಬರುತ್ತದೆ.

ಆದ್ದರಿಂದ ಮೊದಲ ಹಂತವೆಂದರೆ ಹೊತ್ತನ್ನೂ ಬೆಳಕಿನ ದಿಕ್ಕನ್ನೂ ನಿಶ್ಚಯಿಸಿಕೊಳ್ಳುವುದು. ನಮ್ಮಲ್ಲಿ ಸೂರ್ಯ ಘಟ್ಟದ ಕಡೆಯಿಂದ ಹುಟ್ಟಿ ಅರಬ್ಬಿ ಸಮುದ್ರದಲ್ಲಿ ಮುಳುಗುತ್ತಾನೆ. ಬೆಳಿಗ್ಗೆ ಕಡಲಿಗೆ ಮುಖಮಾಡಿ ನಿಂತರೆ ಬೆಳಕು ಬೆನ್ನ ಹಿಂದಿನಿಂದ ಬಂದು ದೋಣಿಯ ಮೈ ಮತ್ತು ಬಲೆಯ ಬಣ್ಣ ಸ್ಪಷ್ಟವಾಗಿ ಕಾಣುತ್ತವೆ; ಸಂಜೆ ಅದೇ ದೋಣಿ ಬೆಳಕಿಗೆ ಅಡ್ಡನಿಂತ ಕಪ್ಪು ಆಕೃತಿಯಾಗುತ್ತದೆ. ಕಡಲಿನಿಂದ ಸೂರ್ಯ ಮೇಲೇಳುವ ‘ಕಾರವಾರದ ಮುಂಜಾನೆ’ಯನ್ನು ಯಾವ ಸ್ಲೈಡರೂ ಸರಿಪಡಿಸಲಾರದು. ಶಿರಸಿಯ ಅಡಿಕೆ ತೋಟದ ಮಳೆಗಾಲ ಬೇಕಿದ್ದರೆ ‘ವಿಷಾದ’, ‘ಸುಂದರ’ ಎಂಬ ಪದಗಳಿಗಿಂತ ‘ಮೋಡ ಕವಿದ ಮಧ್ಯಾಹ್ನ, ನೆರಳಿಲ್ಲದ ಮೆದು ಬೆಳಕು, ಒದ್ದೆಯಾದ ಚಿರೆಕಲ್ಲಿನ ಗೋಡೆ, ಬೂದು ಬೆರೆತ ಹಸಿರು’ ಎಂಬ ವಿವರಣೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಚಿತ್ರದ ರಚನೆ ಒಪ್ಪಿಗೆಯಾದ ಕೂಡಲೇ ಅದರ ಸೀಡ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಡಿಫ್ಯೂಷನ್ ಎಂಬ ಬಗೆಯ ಎಐ ಮಾದರಿಗಳು ಅಸ್ತವ್ಯಸ್ತ ಚುಕ್ಕೆಗಳಿಂದ ಆರಂಭಿಸಿ ಹಂತಹಂತವಾಗಿ ಚಿತ್ರವನ್ನು ಹೊರತೆಗೆಯುತ್ತವೆ. ಆ ಆರಂಭದ ಚುಕ್ಕೆಗಳನ್ನು ನಿರ್ಧರಿಸುವುದು ಸೀಡ್. ಅದನ್ನು ಬದಲಿಸದೆ ವಿವರಣೆಯಲ್ಲಿ ಬೆಳಕಿನ ಒಂದು ಪದವನ್ನು ಮಾತ್ರ ಬದಲಿಸಿದರೆ, ಆ ಪದ ಏನು ಮಾಡಿತೆಂಬುದು ಕಣ್ಣಿಗೆ ಕಾಣುತ್ತದೆ. ಸೀಡ್ ತೋರಿಸದ ಸಾಧನವಾದರೆ ಅದೇ ಚಿತ್ರವನ್ನು ಮತ್ತೆ ಕೊಟ್ಟು ‘ಬೆಳಕನ್ನು ಮಾತ್ರ ಬದಲಿಸು’ ಎಂದು ಕೇಳಬಹುದು. ಬದಲಾವಣೆಯ ತೀವ್ರತೆಯನ್ನು 0ಯಿಂದ 1ರವರೆಗೆ ಹೊಂದಿಸಲು ಅವಕಾಶವಿದ್ದರೆ 0.3ರ ಆಸುಪಾಸಿನಲ್ಲಿ ಆರಂಭಿಸಿ. ರಚನೆ ಬಹುಪಾಲು ಉಳಿಯುತ್ತದೆ. ಬಣ್ಣಗಳು ಕಣ್ಣು ಕುಕ್ಕುವಂತಿದ್ದರೆ ಸಿಎಫ್‌ಜಿ ಎಂಬ, ಚಿತ್ರ ವಿವರಣೆಗೆ ಎಷ್ಟು ಬಿಗಿಯಾಗಿ ಅಂಟಿಕೊಳ್ಳಬೇಕೆಂದು ಹೇಳುವ ಅಂಕಿಯನ್ನು ತಗ್ಗಿಸಿ ನೋಡಿ, ಏಕೆಂದರೆ ಅದು ಹೆಚ್ಚಾದಷ್ಟೂ ಬಣ್ಣ ಗಡಸಾಗುತ್ತದೆ. 2022ರಲ್ಲಿ ಬಿಡುಗಡೆಯಾದ, ಇದೇ ಬಗೆಯ ಮಾದರಿಯಾದ ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಆವೃತ್ತಿಗಳಿಗೆ ಗಾಢ ಕತ್ತಲೆ ಬರುತ್ತಿರಲಿಲ್ಲ. ತರಬೇತಿಯಲ್ಲಿ ಚಿತ್ರಕ್ಕೆ ಚುಕ್ಕೆಗಳನ್ನು ಬೆರೆಸುತ್ತಾ ಹೋದಾಗ ಅದು ಪೂರ್ತಿಯಾಗಿ ಅವುಗಳಲ್ಲಿ ಮುಳುಗದೆ ಸರಾಸರಿ ಹೊಳಪಿನ ಸುಳಿವು ಉಳಿಯುತ್ತಿದ್ದುದೇ ಕಾರಣ. ಅಂತಹ ಮಾದರಿಯಲ್ಲಿ ರಾತ್ರಿಯ ದೃಶ್ಯವನ್ನು ಕೈಯಿಂದಲೇ ಕಪ್ಪಾಗಿಸಬೇಕು.

ಅನಂತರ ಚಿತ್ರವನ್ನು ತಿದ್ದುವ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಗಿಂಪ್, ಮೊಬೈಲಿನಲ್ಲಿ ಸ್ನ್ಯಾಪ್‌ಸೀಡ್ ಸಾಕು, ಎರಡೂ ಉಚಿತ. ಮೊದಲು ವೈಟ್ ಬ್ಯಾಲೆನ್ಸ್, ಅಂದರೆ ಇಡೀ ಚಿತ್ರದ ಹಳದಿ-ನೀಲಿ ಛಾಯೆಯನ್ನು ಹೊಂದಿಸಿ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಹೇಳುತ್ತಾರೆ. ಮೇಣದ ಬತ್ತಿಯ ಬೆಳಕು ಸುಮಾರು 1,900 ಕೆಲ್ವಿನ್, ನಡುಹಗಲಿನ ಬಿಸಿಲು 5,500, ಮೋಡದ ಹಗಲು 6,500ರ ಆಸುಪಾಸು. ಅಂಕಿ ಏರಿದಂತೆ ಬೆಳಕು ನೀಲಿಯತ್ತ ಸರಿಯುತ್ತದೆ. ಸುಣ್ಣ ಬಳಿದ ಗೋಡೆ ಅಥವಾ ಬಿಳಿ ಪಂಚೆ ಚಿತ್ರದಲ್ಲಿದ್ದರೆ ಅದನ್ನು ಆಧಾರವಾಗಿಟ್ಟುಕೊಳ್ಳಬಹುದು. ಆದರೆ ಸಂಜೆಯ ಚಿತ್ರದಲ್ಲಿ ಆ ಗೋಡೆಯನ್ನು ಅಪ್ಪಟ ಬಿಳಿಯಾಗಿಸಿದರೆ ಸಂಜೆಯೇ ಅಳಿಸಿಹೋಗುತ್ತದೆ; ಅಲ್ಲಿ ತುಸು ಹಳದಿ ಇರಲೇಬೇಕು.

ಎರಡನೆಯದು ಕರ್ವ್ಸ್, ಅಂದರೆ ಚಿತ್ರದ ಕಪ್ಪಿನಿಂದ ಬಿಳಿಯವರೆಗಿನ ಹೊಳಪನ್ನು ಒಂದು ಗೆರೆಯನ್ನು ಬಗ್ಗಿಸಿ ಹೊಂದಿಸುವ ಸಾಧನ. ಮಂಜು ಮುಸುಕಿದ ತೋಟಕ್ಕಾಗಿ ಗೆರೆಯ ಎಡಗಡೆಯ ಕೆಳತುದಿಯನ್ನು ಕೊಂಚ ಮೇಲಕ್ಕೆತ್ತಿ. ಕಡುಗಪ್ಪು ಬೂದಾಗಿ ದೂರದ ಮರಗಳು ಹಿಂದೆ ಸರಿದಂತೆ ಕಾಣುತ್ತವೆ. ಸಂಜೆಯ ದೋಣಿಗಾದರೆ ಗೆರೆಯ ಕೆಳಭಾಗವನ್ನು ಇನ್ನಷ್ಟು ತಗ್ಗಿಸಿ.

ಸ್ಯಾಚುರೇಷನ್ (ಬಣ್ಣದ ಗಾಢತೆ) ಕೊನೆಗೆ, ಅದೂ ಇಡೀ ಚಿತ್ರಕ್ಕಲ್ಲ. ಎಐ ಬರೆದ ಅಡಿಕೆ ತೋಟದ ಹಸಿರು ಹೆಚ್ಚಾಗಿ ಪ್ಲಾಸ್ಟಿಕ್ಕಿನ ಹಸಿರಾಗಿರುತ್ತದೆ. ಗಿಂಪ್‌ನ ಹ್ಯೂ-ಸ್ಯಾಚುರೇಷನ್‌ನಲ್ಲಿ ಹಸಿರನ್ನಷ್ಟೇ ಆರಿಸಿ ತಗ್ಗಿಸಿ, ಚಿರೆಕಲ್ಲಿನ ಕೆಂಪನ್ನು ಮುಟ್ಟಬೇಡಿ. ಕರಾವಳಿಯ ದೇವಾಲಯಗಳ ಕಾವಿ ಕಲೆಯು ಕೆಮ್ಮಣ್ಣಿನ ಕೆಂಪು ಮತ್ತು ಸುಣ್ಣದ ಬಿಳಿ ಇವೆರಡರಲ್ಲೇ ಗೋಡೆ ತುಂಬಿಸುತ್ತದೆ. ಚಿತ್ರಕ್ಕೆ ಎರಡು ಮೂರು ಮುಖ್ಯ ಬಣ್ಣಗಳು ಸಾಕೆಂಬುದಕ್ಕೆ ಅದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಜನರಿದ್ದರೆ ಚರ್ಮದ ಬಣ್ಣವನ್ನು ಪ್ರತಿ ಬದಲಾವಣೆಯ ನಂತರವೂ ಗಮನಿಸಿ, ಏಕೆಂದರೆ ತಪ್ಪು ಮೊದಲು ಕಾಣುವುದು ಅಲ್ಲಿಯೇ.

ಮೂಲ ಚಿತ್ರವನ್ನು ಪಿಎನ್‌ಜಿ ರೂಪದಲ್ಲಿ ಪ್ರತ್ಯೇಕವಾಗಿ ಉಳಿಸಿ. ಜೆಪೆಗ್ ಚಿತ್ರವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದರೆ ಗುಣಮಟ್ಟ ಕುಂದುತ್ತದೆ. ಹಂಚಿಕೊಳ್ಳುವಾಗ ‘ಎಐ ಚಿತ್ರ’ ಎಂದು ಬರೆಯಿರಿ, ಏಕೆಂದರೆ ನೋಡಿದವರು ಆ ಜಾಗವನ್ನೇ ಹುಡುಕಿಕೊಂಡು ಬರಬಹುದು. ಮುದ್ರಣಕ್ಕೆ ಕೊಡುವುದಾದರೆ ಪರದೆಯ ಕಡುನೀಲಿ, ಕಡುಹಸಿರು ಕಾಗದದ ಮೇಲೆ ಮಂಕಾಗುವುದರಿಂದ, ಮೊದಲು ಸಣ್ಣ ಪ್ರತಿಯೊಂದನ್ನು ಮುದ್ರಿಸಿ ಹಗಲು ಬೆಳಕಿನಲ್ಲಿ ನೋಡಿ.