ಹಳೆಯ ಜೆಸಿಬಿ ಕೊಳ್ಳುವ ಮುನ್ನ ಅಲುಗಾಡಿಸಿ ನೋಡಿ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹಳೆಯ ಬ್ಯಾಕ್‌ಹೋ (ಮುಂದೆ ಮಣ್ಣು ಎತ್ತುವ ಬಕೆಟ್ಟು, ಹಿಂದೆ ಅಗೆಯುವ ತೋಳು ಇರುವ ಜೆಸಿಬಿ) ನೋಡಲು ಹೋದವರು ಮೊದಲು ಎಂಜಿನ್ ಚಾಲೂ ಮಾಡಿಸುತ್ತಾರೆ, ಹೊಗೆ ನೋಡುತ್ತಾರೆ, ತಲೆಯಾಡಿಸುತ್ತಾರೆ. ಗ್ಯಾರೇಜ್ ನಡೆಸುವ ನಾನು ಎಂಜಿನ್ನನ್ನು ಕೊನೆಗೆ ನೋಡುತ್ತೇನೆ. ಅದನ್ನು ಬಿಚ್ಚಿ ಕಟ್ಟುವ ಖರ್ಚನ್ನು ಮೊದಲೇ ಅಂದಾಜಿಸಬಹುದು. ಕೀಲು ಸವೆದ, ಚಾಸಿ ಬಿರುಕು ಬಿಟ್ಟ ಯಂತ್ರಕ್ಕೆ ಎಷ್ಟು ಸುರಿದರೂ ಸಾಲದು.

ಹಿಂದಿನ ಬೂಮನ್ನು, ಅಂದರೆ ಅಗೆಯುವ ತೋಳನ್ನು, ಪೂರ್ತಿ ಚಾಚಿಸಿ, ಬಕೆಟ್ಟನ್ನು ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ. ನೀವು ಬಕೆಟ್ಟನ್ನು ಪಕ್ಕದಿಂದ ಅತ್ತಿತ್ತ ತಳ್ಳಿ. ಜೊತೆಗೆ ಬಂದವರು ಬೂಮನ್ನು ಎಡಬಲಕ್ಕೆ ತಿರುಗಿಸುವ ಬುಡದ ಕೀಲು, ಕಿಂಗ್‌ಪೋಸ್ಟನ್ನೇ ನೋಡುತ್ತಿರಲಿ. ಬಕೆಟ್ ಪಿನ್ನಿನಲ್ಲಷ್ಟೇ ಸಡಿಲವಿದ್ದರೆ ಹೊಸ ಪಿನ್ನು, ಅದರ ಸುತ್ತ ಕೂರುವ ಬುಷ್ಷು ಹಾಕಿದರೆ ಮುಗಿಯಿತು. ಬುಡದಲ್ಲೇ ಸಡಿಲವಿದ್ದರೆ ಪಿನ್ ಕೂರುವ ರಂಧ್ರವೇ ಮೊಟ್ಟೆಯಾಕಾರಕ್ಕೆ ತಿರುಗಿರಬಹುದು. ಆಗ ವೆಲ್ಡಿಂಗ್ ತುಂಬಿ ಮತ್ತೆ ಬೋರ್ ಮಾಡಿಸಬೇಕು; ಆ ಕೆಲಸ ಎಲ್ಲರಿಗೂ ಬರುವುದಿಲ್ಲ. ಮಾರುವವರು ಹಿಂದಿನ ದಿನವೇ ಗ್ರೀಸ್ ತುರುಕಿ ಸದ್ದಡಗಿಸಿರುತ್ತಾರೆ. ಒರೆಸಿ ನೋಡಿ. ವೆಲ್ಡಿಂಗ್ ಜಾಗದಲ್ಲಿ ಹಳದಿ ಬಣ್ಣ ಉಳಿದ ಕಡೆಗಿಂತ ಹೊಸದಾಗಿದ್ದರೆ ಚಾಕುವಿನಿಂದ ಕೆರೆಯಿರಿ. ಬಿರುಕಿದ್ದರೆ ತುಕ್ಕಿನ ಸಣ್ಣ ಗೆರೆ ಕಾಣುತ್ತದೆ.

ಹೈಡ್ರಾಲಿಕ್ ಪರೀಕ್ಷೆಯನ್ನು ಆಯಿಲ್ ಬಿಸಿಯಾದ ಮೇಲೆ ಮಾಡಿ. ಮುಂದಿನ ಬಕೆಟ್ಟಿಗೆ ಮಣ್ಣು ತುಂಬಿ ಎತ್ತಿಸಿ, ಎಂಜಿನ್ ಆರಿಸಿ, ದೂರ ನಿಂತು ಒಂದು ಚಹಾ ಮುಗಿಸಿ. ಕಣ್ಣಿಗೆ ಕಾಣುವಷ್ಟು ಕೆಳಗಿಳಿದಿದ್ದರೆ ಸಿಲಿಂಡರಿನ ಸೀಲೋ ವಾಲ್ವೋ ಹೋಗಿದೆ. ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ.

ಯಂತ್ರ ಓಡಿದ ಗಂಟೆ ತೋರಿಸುವ ಮೀಟರನ್ನು ನಾನು ನಂಬುವುದಿಲ್ಲ. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 200 ದಿನ ಬಾಡಿಗೆಗೆ ಓಡಿದ ಯಂತ್ರ ಐದು ವರ್ಷದಲ್ಲಿ 8000 ಗಂಟೆ ಮುಟ್ಟುತ್ತದೆ. ಮೀಟರ್ 3000 ತೋರಿಸಿ ಪೆಡಲಿನ ರಬ್ಬರ್ ಪೂರ್ತಿ ಸವೆದಿದ್ದರೆ ಪೆಡಲಿನ ಮಾತನ್ನೇ ಕೇಳಿ.

ಇನ್ನು ಎಂಜಿನ್. ತಣ್ಣಗಿರುವಾಗಲೇ ಹೋಗಿ ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಯಾರೋ ಚಾಲೂ ಮಾಡಿದ್ದಾರೆ. ಓಡುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದರೆ ಹೊಗೆ ರಭಸದಿಂದ ನುಗ್ಗಬಾರದು. 2021ರ ಏಪ್ರಿಲ್‌ನಲ್ಲಿ ಹೊಸ ಹೊಗೆ ನಿಯಮ ಬಂದ ಮೇಲಿನ ಬಹುತೇಕ ಯಂತ್ರಗಳಲ್ಲಿ ಡೀಸೆಲ್ ನಿಯಂತ್ರಣ ಎಲೆಕ್ಟ್ರಾನಿಕ್. ದೋಷ ಹುಡುಕಲು ಲ್ಯಾಪ್‌ಟಾಪ್ ಬೇಕು. ಹಳ್ಳಿಯಲ್ಲಿಟ್ಟುಕೊಳ್ಳುವವರಿಗೆ ಅದಕ್ಕಿಂತ ಹಿಂದಿನದನ್ನೇ ಹೇಳುತ್ತೇನೆ. ಜೆಸಿಬಿ ಕಂಪನಿ 1979ರಲ್ಲೇ ಹರಿಯಾಣದ ಬಲ್ಲಭಗಢದಲ್ಲಿ ಕಾರ್ಖಾನೆ ಶುರು ಮಾಡಿದ್ದರಿಂದ ಅದರ ಬಿಡಿಭಾಗ ಸಣ್ಣ ಊರಿನಲ್ಲೂ ಸಿಗುತ್ತದೆ.

ಕಾಗದಪತ್ರದಲ್ಲಿ ಚಾಸಿ ನಂಬರನ್ನು ನೀವೇ ತಾಳೆ ನೋಡಿ. ಸಾಲವಿದ್ದರೆ ಅದು ತೀರಿತೆಂದು ಫೈನಾನ್ಸಿನವರಿಂದ ಫಾರಂ 35 ಬರಬೇಕು. ಹೊರರಾಜ್ಯದ ಯಂತ್ರಕ್ಕೆ ಫಾರಂ 28ರ ನಿರಾಕ್ಷೇಪಣಾ ಪತ್ರವೂ ಇಲ್ಲಿಯ ತೆರಿಗೆಯೂ ಬೇಕು. ಅಲ್ಲಿ ಅಗ್ಗವೆಂದು ತಂದದ್ದು ಇಲ್ಲಿ ಅಗ್ಗವಾಗಿ ಉಳಿಯುವುದಿಲ್ಲ.

ಕೊಂಡ ಮೇಲೆ ಅಡಿಕೆ ತೋಟದವರು ಮೊದಲು ಮಾಡಿಸಬೇಕಾದದ್ದು ಒಂದಡಿ ಅಗಲದ ಬಕೆಟ್. ಬಸಿಗಾಲುವೆಗೆ ಕಂಪನಿಯ ಅಗಲದ ಬಕೆಟ್ ಹಾಕಿದರೆ ಮರದ ಬೇರನ್ನೇ ಕಿತ್ತುಹಾಕುತ್ತದೆ. ಬಂಡೆ ಒಡೆಯುವ ಬ್ರೇಕರ್ ಜೋಡಿಸುವ ಆಸೆಯಿದ್ದರೆ ಕಿಂಗ್‌ಪೋಸ್ಟ್ ಗಟ್ಟಿಯಿದ್ದ ಯಂತ್ರಕ್ಕೆ ಮಾತ್ರ. ಆ ಗುದ್ದು ಸವೆದ ಕೀಲನ್ನು ಬೇಗ ಮುಗಿಸುತ್ತದೆ.

ಮನೆಯ ಟ್ರ್ಯಾಕ್ಟರಿಗೇ ಮುಂದೆ ಲೋಡರ್ ಕೂರಿಸುವವರೂ ಬರುತ್ತಾರೆ. ಸಾಮಾನ್ಯ ಟ್ರ್ಯಾಕ್ಟರಿಗೆ ಲಾರಿಯಂತೆ ಉದ್ದನೆಯ ಚಾಸಿ ಇರುವುದಿಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸುಗಳೇ ಬೆನ್ನೆಲುಬು. ಲೋಡರಿನ ಚೌಕಟ್ಟನ್ನು ಮುಂದಿನ ಭಾಗಕ್ಕಷ್ಟೇ ಬೋಲ್ಟ್ ಮಾಡಿದರೆ ಪೂರ್ತಿ ಭಾರ ಕ್ಲಚ್ ಹೌಸಿಂಗಿನ ಮೇಲೆ ಬಿದ್ದು ಎರಕ ಸೀಳುತ್ತದೆ. ಚೌಕಟ್ಟು ಹಿಂದಿನ ಆಕ್ಸಲ್‌ವರೆಗೆ ಹೋಗಲೇಬೇಕು. ಫ್ಯಾಬ್ರಿಕೇಟರ್ ಬೇಡವೆಂದರೆ ಬೇರೆಯವರನ್ನು ಹುಡುಕಿ. ಟ್ರ್ಯಾಕ್ಟರಿನ ಸ್ವಂತ ಪಂಪಿನಿಂದ ಬಕೆಟ್ ತೆವಳುತ್ತಾ ಏಳುತ್ತದೆ. ಕ್ರ್ಯಾಂಕ್ ಪುಲ್ಲಿಯಿಂದ ಓಡುವ ಪ್ರತ್ಯೇಕ ಪಂಪ್ ಹಾಕಿಸಿ. ಪವರ್ ಸ್ಟೀರಿಂಗ್ ಇಲ್ಲದ ಟ್ರ್ಯಾಕ್ಟರಿಗೆ ಈ ಸಾಹಸವೇ ಬೇಡ. ಹಿಂದೆ ನೇಗಿಲು ಜೋಡಿಸುವ ತ್ರೀ ಪಾಯಿಂಟಿಗೆ ಕಾಂಕ್ರೀಟ್ ತುಂಬಿದ ಪೆಟ್ಟಿಗೆ ತೂಗುಹಾಕಿ. ಇಲ್ಲದಿದ್ದರೆ ತುಂಬಿದ ಬಕೆಟ್ ಎತ್ತಿದಾಗ ಹಿಂದಿನ ಚಕ್ರ ಹಗುರಾಗಿ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ.