ಮೊಟ್ಟೆ ಬೇಯಿಸಿದರೆ ಸಿಪ್ಪೆ ಸಲೀಸಾಗಿ ಬರಬೇಕು

ಮಗನ ಸ್ಕೂಲ್ ಡಬ್ಬಿಗೆ ವಾರದಲ್ಲಿ ಮೂರು ದಿನ ಬೇಯಿಸಿದ ಮೊಟ್ಟೆ ಹಾಕುತ್ತೇನೆ. ಎಂಟು ಗಂಟೆಗೆ ವ್ಯಾನ್ ಬಂದುಬಿಡುತ್ತದೆ. ಆ ಗಡಿಬಿಡಿಯಲ್ಲಿ ಸುಲಿಯೋಕೆ ನಿಂತರೆ ಸಿಪ್ಪೆ ಜೊತೆ ಬಿಳಿ ಭಾಗವೂ ಕಿತ್ತುಕೊಂಡು ಬರುತ್ತಿತ್ತು. ಕಾಲು ಮೊಟ್ಟೆ ಕಸದ ಬುಟ್ಟಿಗೆ ಹೋಗುತ್ತಿತ್ತು. ಉಳಿದದ್ದು ಹಳ್ಳಕೊಳ್ಳ ಬಿದ್ದಿದೆ ಅಂತ ಮಗ ಮುಟ್ಟದೆ ವಾಪಸ್ ತರುತ್ತಿದ್ದ. ಅದನ್ನು ನೋಡಿದರೆ ಸಂಕಟವಾಗುತ್ತಿತ್ತು.

ಆಗ ನಾನು ತಣ್ಣೀರಿಗೇ ಮೊಟ್ಟೆ ಹಾಕಿ ಒಲೆ ಹಚ್ಚುತ್ತಿದ್ದೆ. ಅಮ್ಮ 'ನೀರಿಗೆ ಉಪ್ಪು ಹಾಕು' ಅಂದರು. ಹಾಕಿದೆ. ಮೊಟ್ಟೆ ಒಡೆದರೆ ಬಿಳಿ ಬೇಗ ಗಟ್ಟಿಯಾಗಿ ಜಾಸ್ತಿ ಹೊರಗೆ ಬರುವುದಿಲ್ಲ, ಅದು ನಿಜ. ಆದರೆ ಸಿಪ್ಪೆ ಮೊದಲಿನಷ್ಟೇ ಹಟ ಮಾಡಿತು.

ದಾರಿ ಹೇಳಿದ್ದು ಮಂಗಳೂರಿನಲ್ಲಿರುವ ಅಕ್ಕ. 'ನೀರು ಮೊದಲು ಚೆನ್ನಾಗಿ ಕುದೀಲಿ ಕಣೇ, ಆಮೇಲೆ ಮೊಟ್ಟೆ ಬಿಡು. ಹತ್ತು ನಿಮಿಷ ಸಾಕು' ಅಂದಳು. ಕುದಿಯೋ ನೀರು ತಾಗಿದ ಕೂಡಲೇ ಬಿಳಿಯ ಹೊರಮೈ ಗಟ್ಟಿಯಾಗುತ್ತದೆ, ಒಳಪೊರೆಗೆ ಅಂಟಿಕೊಳ್ಳೋಕೆ ಸಮಯ ಸಿಗುವುದಿಲ್ಲ. ಸಿಪ್ಪೆ ನಿಜಕ್ಕೂ ಚೆನ್ನಾಗಿ ಬಂತು. ಆದರೆ ಕತ್ತರಿಸಿದರೆ ಹಳದಿಯ ನಡುವೆ ಇನ್ನೂ ಹಸಿ. ಅಕ್ಕನ ಲೆಕ್ಕ ತಪ್ಪಲ್ಲ, ಅವಳ ಊರು ಬೇರೆ. ಮಂಗಳೂರು ಸಮುದ್ರದ ಪಕ್ಕದಲ್ಲಿದೆ, ಅಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ನಮ್ಮ ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ 97 ಡಿಗ್ರಿಗೇ ಕುದಿ ಬಂದುಬಿಡುತ್ತದೆ, ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಬೇಕು.

ಒಂದು ಭಾನುವಾರ ನಾಲ್ಕು ಮೊಟ್ಟೆ ಒಟ್ಟಿಗೆ ಬಿಟ್ಟು 10, 11, 12, 13 ನಿಮಿಷಕ್ಕೆ ಒಂದೊಂದೇ ತೆಗೆದು ಕತ್ತರಿಸಿ ನೋಡಿದೆ. ಫಾರಂ ಮೊಟ್ಟೆಗೆ 12 ನಿಮಿಷ ಸರಿ ಅನ್ನಿಸಿತು. ನಾಟಿ ಮೊಟ್ಟೆ ಚಿಕ್ಕದು, ಒಂದೆರಡು ನಿಮಿಷ ಕಮ್ಮಿ ಸಾಕು. ಫ್ರಿಜ್‌ನಿಂದ ತೆಗೆದದ್ದನ್ನು ಕಾಲು ಗಂಟೆ ಹೊರಗಿಟ್ಟು, ಸೌಟಿನಲ್ಲಿ ಮೆಲ್ಲಗೆ ಇಳಿಸಬೇಕು. ಸುಮ್ನೆ ಮೇಲಿಂದ ಹಾಕಿದರೆ ಬಿರುಕು ಬಿಡುತ್ತದೆ. ಇಳಿಸಿದ ಮೇಲೆ ಉರಿ ಮಧ್ಯಮಕ್ಕೆ ತರುತ್ತೇನೆ.

ಇನ್ನೊಂದು ಮುಖ್ಯ ವಿಷಯ ಮೊಟ್ಟೆಯ ವಯಸ್ಸು. ಎಲ್ಲದಕ್ಕೂ ತಾಜಾ ಇದ್ದರೆ ಒಳ್ಳೇದು ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಬೇಯಿಸೋಕೆ ಮಾತ್ರ ವಾರದ ಹಿಂದಿನ ಮೊಟ್ಟೆಯೇ ವಾಸಿ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ. ದಿನ ಕಳೆದಂತೆ ಒಳಗಿನ ಕಾರ್ಬನ್ ಡೈಆಕ್ಸೈಡ್ ಅವುಗಳ ಮೂಲಕ ಹೊರಗೆ ಹೋಗುತ್ತದೆ, ಬಿಳಿಗೂ ಪೊರೆಗೂ ಇರುವ ಹಿಡಿತ ಸಡಿಲವಾಗುತ್ತದೆ. ನಾನು 30 ಮೊಟ್ಟೆಯ ಟ್ರೇ ತಂದ ದಿನವೇ ಅದರ ಮೇಲೆ ತಾರೀಖು ಬರೆದಿಡುತ್ತೇನೆ. ಮೊದಲ ವಾರ ಆಮ್ಲೆಟ್, ಸಾರು. ಡಬ್ಬಿಗೆ ಆಮೇಲೆ. ಅನುಮಾನ ಬಂದರೆ ಒಂದು ಪಾತ್ರೆ ನೀರಿಗೆ ಬಿಟ್ಟು ನೋಡಿ. ಹೊಸದು ತಳದಲ್ಲಿ ಮಲಗುತ್ತದೆ, ಹಳೆಯದು ತಳದಲ್ಲೇ ಎದ್ದು ನಿಲ್ಲುತ್ತದೆ. ತೇಲಿದ್ದನ್ನು ನಾನು ಎಸೆದುಬಿಡುತ್ತೇನೆ.

ಬೆಂದ ಕೂಡಲೇ ಐಸ್ ನೀರಿಗೆ ಹಾಕಿ, ಐದು ನಿಮಿಷಕ್ಕೆ ಕಮ್ಮಿ ಇಲ್ಲದಂತೆ ಬಿಡಬೇಕು. ಇಲ್ಲದಿದ್ದರೆ ಒಳಗಿನ ಕಾವಿಗೇ ಬೇಯುತ್ತಾ ಹೋಗುತ್ತದೆ. ಹಳದಿಯ ಸುತ್ತ ಹಸಿರು ಬಣ್ಣದ ಉಂಗುರ ಬರುತ್ತದಲ್ಲ, ಅದು ಹೆಚ್ಚು ಬೆಂದದ್ದರ ಗುರುತು. ಬಿಳಿಯ ಗಂಧಕ ಹಳದಿಯ ಕಬ್ಬಿಣದ ಜೊತೆ ಸೇರಿ ಹಾಗಾಗುತ್ತದೆ. ತಿಂದರೆ ತೊಂದರೆ ಇಲ್ಲ, ಆದರೆ ಮಕ್ಕಳು ಮೂಗು ಮುರಿಯುತ್ತಾರೆ.

ಸುಲಿಯೋದು ದಪ್ಪ ತುದಿಯಿಂದ. ಅಲ್ಲಿ ಒಳಗೆ ಗಾಳಿಯ ಜಾಗ ಇರುತ್ತದೆ. ಕಲ್ಲಿನ ಮೇಲೆ ಟಕ್ ಅಂತ ತಟ್ಟಿ, ಅಂಗೈಯಲ್ಲಿ ಒತ್ತಿ ಉರುಳಿಸುತ್ತೇನೆ. ಮೈಯೆಲ್ಲಾ ಸಣ್ಣ ಬಿರುಕು ಬೀಳುತ್ತದೆ. ನೀರಿನೊಳಗೇ ಹಿಡಿದು, ಹೆಬ್ಬೆರಳಿನ ತುದಿಯಲ್ಲಿ ಆ ತೆಳು ಪೊರೆಯನ್ನು ಎತ್ತುತ್ತೇನೆ. ಪೊರೆಯ ಕೆಳಗೆ ನೀರು ನುಗ್ಗಿತು ಅಂದರೆ ಸಿಪ್ಪೆ ಎರಡೇ ತುಂಡಾಗಿ ಕಳಚಿಕೊಳ್ಳುತ್ತದೆ. ಮೊಟ್ಟೆ ಕೈಯಲ್ಲಿ ನುಣ್ಣಗೆ ಜಾರುತ್ತದೆ.

ಈಗ ಹಿಂದಿನ ರಾತ್ರಿಯೇ ಬೇಯಿಸಿ ಸಿಪ್ಪೆ ಸಮೇತ ಫ್ರಿಜ್‌ನಲ್ಲಿಡುತ್ತೇನೆ. ಹಾಗೆ ಒಂದು ವಾರದವರೆಗೂ ಇಡಬಹುದು. ಹೊರಗೆ ಮಾತ್ರ ಎರಡು ಗಂಟೆಗಿಂತ ಜಾಸ್ತಿ ಇಡಬಾರದು, ಅದಕ್ಕೇ ಹತ್ತು ಗಂಟೆಯ ಬ್ರೇಕ್‌ಗೇ ತಿನ್ನು ಅಂತ ಮಗನಿಗೆ ಹೇಳಿದ್ದೇನೆ. ಬೆಳಿಗ್ಗೆ ಸುಲಿದು, ಎರಡು ಹೋಳು ಮಾಡಿ, ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ ಡಬ್ಬಿ ಮುಚ್ಚುತ್ತೇನೆ. ಸಂಜೆ ಡಬ್ಬಿ ಖಾಲಿ ಬರುತ್ತದೆ.