ಚಿತ್ರ ಮಾರಾಟವಾಗುವವರೆಗೆ ಖರ್ಚಿಗೇನು?

ಬಿಕಾಂ ಓದಿದ್ದು ದಾವಣಗೆರೆಯಲ್ಲಿ. ಲೆಕ್ಕ ಬರೆದದ್ದು ಮಧ್ಯ ಆಸ್ಟ್ರೇಲಿಯಾದ ಮರಳುಗಾಡಿನಲ್ಲಿ, ಅಬೊರಿಜಿನಲ್ (ಅಲ್ಲಿನ ಮೂಲನಿವಾಸಿ) ಕಲಾವಿದರೇ ಒಡೆಯರಾಗಿರುವ ಒಂದು ಕಲಾ ಕೇಂದ್ರದಲ್ಲಿ. ಈ ಪದ್ಧತಿ ಹಳೆಯದು. 1971ರಲ್ಲಿ ಅದೇ ಮರಳುಗಾಡಿನ ಪಪುನ್ಯಾ ಎಂಬ ಊರಿನ ಹಿರಿಯರು ಬೋರ್ಡಿನ ಮೇಲೆ ತಮ್ಮ ನೆಲದ ಕಥೆಗಳನ್ನು ಚಿತ್ರವಾಗಿ ಬರೆಯತೊಡಗಿದರು. ಮರುವರ್ಷವೇ ಪಪುನ್ಯಾ ಟೂಲಾ ಎಂಬ ಸ್ವಂತ ಕಂಪನಿ ಕಟ್ಟಿಕೊಂಡರು. ಯಾವ ಕಥೆಯನ್ನು ಯಾರು ಬರೆಯಬಹುದು ಅನ್ನುವುದು ಅವರವರ ಕುಲದ ಕಟ್ಟಳೆ. ಅದರಲ್ಲಿ ನನಗೇನೂ ಕೆಲಸವಿಲ್ಲ. ನಾನು ನೋಡಬೇಕಾಗಿದ್ದು ದುಡ್ಡನ್ನು.

ಕಷ್ಟ ಇರುವುದು ಇಲ್ಲಿ. ಚಿತ್ರ ಇವತ್ತು ಮುಗಿಯುತ್ತದೆ. ಅದು ಸಿಡ್ನಿಯ ಗ್ಯಾಲರಿಗೆ ಹೋಗಿ, ಮಾರಾಟವಾಗಿ, ದುಡ್ಡು ಬರಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಮೊಮ್ಮಕ್ಕಳ ಊಟ, ಗಾಡಿಯ ಪೆಟ್ರೋಲು? ಈ ಸಂದಿಯಲ್ಲೇ ಕಾರ್ಪೆಟ್‌ಬ್ಯಾಗರ್ ಅನ್ನಿಸಿಕೊಂಡ ದಲ್ಲಾಳಿಗಳು ನುಗ್ಗುತ್ತಾರೆ. ಒಂದಿಷ್ಟು ನಗದು, ಇಲ್ಲವೇ ಹಳೇ ಕಾರು ಕೊಟ್ಟು ಒಳ್ಳೇ ಚಿತ್ರ ಎತ್ತಿಕೊಂಡು ಹೋಗುತ್ತಾರೆ. ಅವರಿಗೆ ಮಾರಬೇಡಿ ಅಂತ ಸುಮ್ನೆ ಬುದ್ಧಿ ಹೇಳಿದರೆ ಹೊಟ್ಟೆ ತುಂಬಲ್ಲ, ಅಲ್ವಾ?

ಕಲಾವಿದರ ಮಂಡಳಿ ಕೂತು ಮಾತಾಡಿತು. ಚಿತ್ರ ಒಳಗೆ ಬಂದ ದಿನವೇ ಒಂದು ಪಾಲು ಮುಂಗಡ, ಮಾರಾಟವಾದ ಮೇಲೆ ಬಾಕಿ. ಮುಂಗಡಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆದೆ. ಕ್ಯಾನ್ವಾಸ್, ಸಾಗಣೆ ಯಾವುದಕ್ಕೂ ಆ ದುಡ್ಡು ಮುಟ್ಟುವಂತಿಲ್ಲ. ಆ ಖಾತೆಯನ್ನು ತುಂಬಿಸಿದ್ದು ಸಣ್ಣ ಚಿತ್ರಗಳು. ಅವು ಆನ್‌ಲೈನ್‌ನಲ್ಲಿ ಬೇಗ ಹೋಗುತ್ತವೆ. ಆಗಸ್ಟಿನ ಡಾರ್ವಿನ್ ಅಬೊರಿಜಿನಲ್ ಕಲಾ ಮೇಳದಲ್ಲಂತೂ ಮಾರಿದ ದುಡ್ಡೆಲ್ಲ ಕೇಂದ್ರಕ್ಕೇ ಬರುತ್ತದೆ. ಹೀಗಾಗಿ ದೊಡ್ಡ ಚಿತ್ರ ಬರೆಯುವವರಿಗೆ ಅವಸರ ತಪ್ಪಿತು.

ಲೆಕ್ಕದ ಹಾಳೆಯಲ್ಲಿ ಪ್ರತಿ ಚಿತ್ರದ ಫೋಟೊ ಹಾಕಿದೆ. ಅಲ್ಲಿ ಎಷ್ಟೋ ಜನರಿಗೆ ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ ಭಾಷೆ. ಫೋಟೊ ಪಕ್ಕ ಮಾರಿದ ಬೆಲೆ, ಕೇಂದ್ರದ ಪಾಲು, ಅವರ ಪಾಲು. ಒಬ್ಬೊಬ್ಬರ ಜೊತೆಯೂ ಬೇರೆಯಾಗಿ ಕೂರುತ್ತಿದ್ದೆ. ದುಡ್ಡು ಬಂತೆಂದು ಗೊತ್ತಾದರೆ ನೆಂಟರು ಕೇಳುತ್ತಾರೆ, ಕೇಳಿದವರಿಗೆ ಇಲ್ಲ ಅನ್ನುವುದು ಅಲ್ಲಿ ಸುಲಭವಲ್ಲ. ಕಾರಿಗೋ ದೂರದ ಶವಸಂಸ್ಕಾರಕ್ಕೋ ಆಗಲಿ ಅಂತ "ಇಷ್ಟು ನಿನ್ನ ಹತ್ತಿರವೇ ಇರಲಿ" ಎಂದು ಕೆಲವರು ತಾವಾಗಿಯೇ ಕೇಳಿಕೊಂಡರು.

ದಾಖಲೆ ಯಾಕೆ ಮುಖ್ಯ ಅನ್ನುವುದಕ್ಕೆ ಪಪುನ್ಯಾ ಟೂಲಾದ ಕಲಾವಿದ ಕ್ಲಿಫರ್ಡ್ ಪಾಸಮ್ ಅವರ 'ವಾರ್ಲುಗುಲಾಂಗ್' ಚಿತ್ರ ನೋಡಿ. 1977ರಲ್ಲಿ 1,200 ಆಸ್ಟ್ರೇಲಿಯನ್ ಡಾಲರಿಗೆ ಹೋದದ್ದು 2007ರಲ್ಲಿ 24 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರಲ್ಲಿ ಪಾಲು ಕೇಳುವ ಹಕ್ಕು ಅವರ ಕುಟುಂಬಕ್ಕೆ ಆಗ ಇರಲಿಲ್ಲ. 2010ರ ಜೂನ್‌ನಿಂದ ಜಾರಿಯಲ್ಲಿರುವ ಕಾನೂನಿನಂತೆ, 1,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಮರುಮಾರಾಟದಲ್ಲಿ ಕಲಾವಿದರಿಗೆ ಶೇ. 5 ಸಲ್ಲುತ್ತದೆ. ತೀರಿಕೊಂಡ ಮೇಲೂ 70 ವರ್ಷ ವಾರಸುದಾರರಿಗೆ ಸಿಗುತ್ತದೆ. ಆದರೆ ವಾರಸುದಾರರು ಯಾರು ಅಂತ ಬರೆದಿಟ್ಟಿರಬೇಕಲ್ಲ! ಸತ್ತವರ ಹೆಸರು ಹೇಳದ ಸಂಪ್ರದಾಯದವರ ಜೊತೆ ಈ ಮಾತು ಎತ್ತುವುದು ಸಣ್ಣ ಕೆಲಸವಲ್ಲ. ಆ ಮಾತುಕತೆಯನ್ನು ಅಲ್ಲಿನ ಊರಿನ ಹುಡುಗಿಯರಿಗೇ ಬಿಟ್ಟೆ. ಮೊದಲ ಚಿತ್ರ ತಂದ ದಿನವೇ ಕಲಾವಿದರ ಪಕ್ಕ ಕೂತು, ಅವರ ಭಾಷೆಯಲ್ಲೇ ಕೇಳಿ, ಆ ಹುಡುಗಿಯರೇ ವಾರಸುದಾರರ ಹೆಸರಿನ ಹಾಳೆ ತುಂಬಿಸತೊಡಗಿದರು.